ಅರ್ಧ ಬೆಲೆಯ ಕೋಣೆ

ಮೂರನೆಯ ಕಂತು

"ಟೀಚರ್, ಈ ಬೀರು ಸ್ವಲ್ಪ ಪಕ್ಕಕ್ಕೆ ತಳ್ಳೋಣ್ವಾ?"

ದೊಡ್ಡಮ್ಮ ಗ್ಯಾರೇಜಿನ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸೀಮೆಸುಣ್ಣ. ಕೂತಲ್ಲಿಂದಲೇ ಗೋಡೆ ಪಕ್ಕದ ಕಬ್ಬಿಣದ ಬೀರುವಿನ ಕಡೆಗೆ ಗಲ್ಲ ಎತ್ತಿ ತೋರಿಸಿದರು.

ಡ್ರಾಯಿಂಗ್ ಟೀಚರ್ ತೋಳು ಮಡಚಿಕೊಂಡು ಭುಜ ಕೊಟ್ಟು ತಳ್ಳಿದಳು. ಒಳಗಿದ್ದ ಹಳೆ ಬಣ್ಣದ ಡಬ್ಬಿಗಳು ಗಡಗಡ ಎಂದವು. ಬೀರು ಒಲ್ಲದ ಮನಸ್ಸಿನಿಂದ ಒಂದು ಗೇಣು ಸರಿಯಿತು.

"ಸಾಕು ಸಾಕು. ಸೊಂಟ ಹಿಡ್ಕೊಂಡ್ರೆ ನಿಮ್ಮತ್ತೆ ಪಕ್ಕದ ಮಂಚಕ್ಕೆ ನೀವೂ ಹೋಗ್ಬೇಕಾಗುತ್ತೆ."

ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತುವುದರಲ್ಲೇ ತಲೆ ನರೆಸಿಕೊಂಡು, ನಿವೃತ್ತಿಯ ಮೇಲೆ ಕನ್ನಡಕದಂಗಡಿಯ ಮಾಳಿಗೆಯಲ್ಲಿ ಸ್ವಂತ ಪತ್ತೆ ಕಚೇರಿ ತೆರೆದ ಹೆಂಗಸು ಈಕೆ. ತಂಗಿಯ ಮಕ್ಕಳು ದೊಡ್ಡಮ್ಮ ಎನ್ನುತ್ತಿದ್ದರು. ಈಗ ಊರಿಗೆ ಊರೇ ಹಾಗೆ ಕರೆಯುತ್ತಿತ್ತು. ಡ್ರಾಯಿಂಗ್ ಟೀಚರ್ ಅವರ ಬಳಿ ತಂದಿದ್ದ ಪ್ರಶ್ನೆ ಒಂದೇ: ಗ್ಯಾರೇಜನ್ನು ಕೋಣೆಯಾಗಿ ಮಾಡಲು ಮೂವರು ಬೆಲೆ ಹೇಳಿದ್ದಾರೆ, ಒಬ್ಬ ಮಾತ್ರ ಅರ್ಧಕ್ಕರ್ಧ ಕಡಿಮೆ ಹೇಳಿದ್ದಾನೆ, ಯಾಕೆ?

ಕೋಣೆ ಬೇಕಾಗಿದ್ದದ್ದು ಅತ್ತೆಗೆ. ಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಮುಗಿಸಿ, ಈಗ ಆರೈಕೆ ಕೇಂದ್ರದಲ್ಲಿ ಪುಟ್ಟ ಮಗುವಿನ ಹಾಗೆ ಹೆಜ್ಜೆ ಇಡಲು ಕಲಿಯುತ್ತಿದ್ದರು. ಆ ಮನೆಯಲ್ಲೋ ವಾಸವೆಲ್ಲ ಮಹಡಿಯ ಮೇಲೆ. ಕೆಳಗೆ ಈ ಗ್ಯಾರೇಜು ಬಿಟ್ಟರೆ ಬೇರೇನೂ ಇಲ್ಲ.

"ನಮ್ಮ ಯಜಮಾನರು ಊರಿನ ಮನೆಗಳಿಗೆಲ್ಲ ಲಿಫ್ಟ್ ಹಾಕ್ತಾರೆ. ನಮ್ಮನೆಗೆ ಮಾತ್ರ ಮೆಟ್ಟಿಲೇ ಗತಿ," ಎಂದು ಟೀಚರ್ ಮೊದಲ ದಿನವೇ ನಗುತ್ತ ಹೇಳಿದ್ದಳು. ನಗುವಿನ ಹಿಂದೆ ಬೇಸರವೂ ಇತ್ತು. ಮನೆಗೆ ಲಿಫ್ಟ್ ಹಾಕಿಸುವ ಖರ್ಚಿನಲ್ಲಿ ಇಂಥ ಎರಡು ಗ್ಯಾರೇಜನ್ನು ಕೋಣೆ ಮಾಡಬಹುದಿತ್ತು.

ದೊಡ್ಡಮ್ಮ ಬೀರು ಸರಿದ ಜಾಗಕ್ಕೆ ಟಾರ್ಚು ಬಿಟ್ಟರು.

"ಲೆಕ್ಕ ಇನ್ನೊಂದ್ಸಲ ಹೇಳಿ. ನೋಡ್ಕೊಂಡು ಬೇಡ, ಬಾಯಲ್ಲೇ ಹೇಳಿ."

"ಎಲ್ಲಕ್ಕಿಂತ ಜಾಸ್ತಿ ಬಚ್ಚಲಿಗೆ. ನೀರಿನ ಪೈಪು, ಹೊರಗೆ ಹೋಗೋ ಪೈಪು, ಹಿಡ್ಕೊಳ್ಳೋಕೆ ಕಂಬಿ, ಜಾರದೇ ಇರೋ ಟೈಲ್ಸು. ಅದಾದ್ಮೇಲೆ ನೆಲ. ಕಾರು ತೊಳೆಯೋಕೆ ಅಂತ ಇದು ಗೇಟಿನ ಕಡೆ ಇಳಿಜಾರಾಗಿದೆ, ಅದನ್ನ ಸಮ ಮಾಡ್ಬೇಕು. ಮುಂದಿನ ಶಟರ್ ತೆಗೆದು ಗೋಡೆ, ಗೋಡೇಲಿ ದೊಡ್ಡ ಕಿಟಕಿ. ಗೋಡೆಗೆ ಥಂಡಿ ಬರದ ಹಾಗೆ ಒಳಗಿಂದ ಪದರ. ವೈರಿಂಗ್. ಕಟ್ಟೋಕೆ ಪರವಾನಗಿ. ಇದೆಲ್ಲ ಆದ್ಮೇಲೆ ಹತ್ತರಲ್ಲಿ ಒಂದು ಪಾಲು ಪಕ್ಕಕ್ಕೆ ಇಟ್ಟಿದ್ದೀನಿ. ಮನೆ ಕೆಲಸ ಅಂದ್ಮೇಲೆ ಎಲ್ಲಿಂದಾದ್ರೂ ಒಂದು ಖರ್ಚು ಎದ್ದು ಬಂದೇ ಬರುತ್ತಲ್ಲ?"

"ಬುದ್ಧಿವಂತೆ. ಅಂಥ ಪಾಲು ಇಡದೆ ಅರ್ಧ ಮನೆ ಕಟ್ಟಿ ಕೂತೋರನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಸರಿ, ನೆಲಕ್ಕೆ ಆ ಇಬ್ಬರು ಏನಂದ್ರು?"

"ಹಳೇ ನೆಲದ ಮೇಲೇ ಕಾಂಕ್ರೀಟ್ ಹಾಕಿ ಸಮ ಮಾಡ್ತೀವಿ ಅಂದ್ರು. ಅದೇ ಸುಲಭವಂತೆ."

"ಸುಲಭಾನೂ ಹೌದು, ಅಗ್ಗಾನೂ ಹೌದು. ಮತ್ತೆ ನಮ್ಮ ಅರ್ಧ ಬೆಲೆಯವನು?"

"ಪೆನ್ಸಿಲ್ ಮೇಸ್ತ್ರಿ? ಅವರು ಮಾತ್ರ ಪೂರ್ತಿ ಅಗೆದು, ಮಣ್ಣು ತೆಗೆದು, ಹೊಸದಾಗಿ ಹಾಕ್ತೀನಿ ಅಂದ್ರು. ಅದಕ್ಕೆ ಬೇರೆ ದುಡ್ಡು ಬೇಡ ಅಂದ್ರು."

ದೊಡ್ಡಮ್ಮ ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡರು.

"ಎಲ್ಲರಿಗಿಂತ ಕಡಿಮೆ ದುಡ್ಡು ಕೇಳೋನು ಎಲ್ಲರಿಗಿಂತ ಜಾಸ್ತಿ ಕೆಲಸ ಮಾಡ್ತೀನಿ ಅಂತಾನೆ. ಅವನಿಗೆ ಬೇಕಾಗಿರೋದು ನಿಮ್ಮ ಕೋಣೆ ಅಲ್ಲ ಟೀಚರ್. ಈ ನೆಲ."

ಅವರು ಮುಂದಕ್ಕೆ ಬಾಗಿ ಸೀಮೆಸುಣ್ಣ ಊರಿದರು. ನೆಲದಲ್ಲಿ ಕೂದಲೆಳೆಯಷ್ಟು ತೆಳುವಾದ ಒಂದು ಬಿರುಕಿತ್ತು. ಎಣ್ಣೆ, ಧೂಳು ತುಂಬಿ ಕಪ್ಪಾಗಿದ್ದ ಆ ಗೆರೆಯನ್ನು ಸೀಮೆಸುಣ್ಣ ಹಿಂಬಾಲಿಸಿತು. ಗೆರೆ ಸೊಟ್ಟಗೆ ಓಡಲಿಲ್ಲ. ನಿಧಾನವಾಗಿ ಬಳಸಿಕೊಂಡು, ಬೀರು ನಿಂತಿದ್ದ ಜಾಗ ಹಾದು, ಗೋಡೆಯ ಹತ್ತಿರ ಬಂದು, ಮತ್ತೆ ತಿರುಗಿ ಹೊರಟ ಕಡೆಗೇ ಬಂತು.

ಡ್ರಾಯಿಂಗ್ ಟೀಚರ್ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ವರ್ಷಗಟ್ಟಲೆ ಮಕ್ಕಳಿಗೆ ಕಂಪಾಸು ಹಿಡಿಯುವುದನ್ನು ಹೇಳಿಕೊಟ್ಟವಳು.

"ದೊಡ್ಡಮ್ಮ, ಇದು ವೃತ್ತ."

"ಹೂಂ. ನೆಲ ಬಿರುಕು ಬಿಡೋದು ಸಹಜ. ಇಷ್ಟು ದುಂಡಗೆ ಬಿಡೋದು ಸಹಜ ಅಲ್ಲ. ಗೆರೆಯ ಒಳಗಿನ ನೆಲ ಒಂದು ಥರ, ಹೊರಗಿನದು ಇನ್ನೊಂದು ಥರ ಕುಸಿದಿದೆ."

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಟೀಚರಳ ಗಂಡ, ಲಿಫ್ಟ್ ಮೆಕ್ಯಾನಿಕ್, ಊಟಕ್ಕೆ ಬಂದಿದ್ದ. ಕೈಗೆ ಗ್ರೀಸು, ಜೇಬಿನಲ್ಲಿ ಸ್ಪ್ಯಾನರು. ನೆಲದ ಮೇಲೆ ಕೂತಿದ್ದ ಹಿರಿಯ ಹೆಂಗಸನ್ನೂ ಅವರ ಸುತ್ತಲಿನ ಬಿಳಿ ಚಕ್ರವನ್ನೂ ನೋಡಿ ಬಾಗಿಲಲ್ಲೇ ನಿಂತ.

"ಏನಮ್ಮ ಇದು, ಕುಂಟೆಬಿಲ್ಲೆ ಆಡ್ತಿದ್ದೀರಾ?"

"ನಿಮ್ಮನ್ನೇ ಕಾಯ್ತಿದ್ವಿ, ಬನ್ನಿ," ಎಂದರು ದೊಡ್ಡಮ್ಮ. "ಈ ನೆಲ ಹಾಕಿಸಿದ್ದು ಯಾರು?"

"ನಮ್ಮಪ್ಪ. ನಾನು ಹುಟ್ಟಿದ ವರ್ಷ. ಆಮೇಲೆ ಮೇಲೆ ಮನೆ ಎಬ್ಬಿಸಿದ್ದೂ ಅವರೇ." ಅವನ ಮಾತಿನಲ್ಲಿ ಹೆಮ್ಮೆಯಿತ್ತು. "ಅಪ್ಪ ಹಾಕಿಸಿದ್ದು ಅಂದ್ರೆ ಕಲ್ಲು. ಅದಿರ್ಲಿ, ಮೇಸ್ತ್ರಿ ಕಡಿಮೆಗೆ ಮಾಡ್ತೀನಿ ಅಂದ್ರೆ ಅದರಲ್ಲಿ ಅನುಮಾನ ಏನು? ಅಮ್ಮ ಬರೋಷ್ಟರಲ್ಲಿ ಕೋಣೆ ಆಗ್ಬೇಕು. ಇವತ್ತು ಸಂಜೆ ಒಪ್ಪಿಗೆ ಹೇಳಿಬಿಡೋಣ ಅಂತಿದ್ದೆ."

"ಅಷ್ಟೊಂದು ಅವಸರ ಯಾಕ್ರೀ?" ಟೀಚರಳ ದನಿ ತುಸು ಬಿಗಿಯಾಯಿತು.

"ಅವಸರ ಅಲ್ಲ ಕಣೇ. ನೀನು ಮೂರು ತಿಂಗಳಿಂದ ಲೆಕ್ಕಾನೇ ಹಾಕ್ತಿದ್ದೀಯ." ಅವನು ಮೆಟ್ಟಿಲು ಹತ್ತಿ ಹೋದ.

ಟೀಚರ್ ಗಂಡನ ಬೆನ್ನನ್ನೇ ನೋಡುತ್ತ ನಿಂತಳು. ದೊಡ್ಡಮ್ಮ ಅವಳ ಮುಖ ನೋಡಿದರು. ಎದ್ದು ಮಂಡಿ ಒರೆಸಿಕೊಳ್ಳುತ್ತ ಪಕ್ಕದ ಕಿಂಡಿಯಿಂದ ಹೊರಗೆ ಇಣುಕಿದರು. ಕಾಂಪೌಂಡು ಗೋಡೆಯ ಆಚೆ ಇನ್ನೊಂದು ಮನೆ. ಅಲ್ಲಿನ ಕಿಟಕಿಯ ಪರದೆ ಆಗಷ್ಟೇ ಅಲುಗಾಡಿ ಸುಮ್ಮನಾಯಿತು.

"ಅಲ್ಲಿ ಯಾರಿರೋದು?"

"ಇವರ ಸೋದರತ್ತೆ. ತೀರಿಹೋದ ನಮ್ಮ ಮಾವನಿಗೆ ಅಕ್ಕ. ಟೈಪಿಂಗ್ ಕ್ಲಾಸು ನಡೆಸ್ತಿದ್ರು, ಅದಕ್ಕೆ ಎಲ್ಲರೂ ಟೈಪಿಂಗ್ ಅತ್ತೆ ಅಂತೀವಿ. ನಮ್ಮತ್ತೆಗೂ ಅವರಿಗೂ ಮಾತಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಹಾಗೇ. ಯಾಕೆ ಅಂತ ಕೇಳಿದ್ರೆ ಇಬ್ಬರೂ ಮಾತು ಮರೆಸ್ತಾರೆ."

* * *

ಪೆನ್ಸಿಲ್ ಮೇಸ್ತ್ರಿಯ ಅಂಗಳದಲ್ಲಿ ಯಾರದೋ ಮನೆಗಳ ಹಳೆ ಬಾಗಿಲುಗಳು ಗೋಡೆಗೊರಗಿ ಸಾಲಾಗಿ ನಿಂತಿದ್ದವು. ತೆಗೆದರೆ ಆಚೆ ಏನೂ ಇಲ್ಲದ ಬಾಗಿಲುಗಳು. ಮೇಸ್ತ್ರಿ ಒಂದು ಚೌಕಟ್ಟಿನಿಂದ ಮೊಳೆ ಕೀಳುತ್ತಿದ್ದ. ಕಿವಿಯ ಮೇಲೆ ಸದಾ ಇರುತ್ತಿದ್ದ ಪೆನ್ಸಿಲು ಇಂದೂ ಇತ್ತು.

ಟೀಚರನ್ನು ನೋಡಿ ಮುಖ ಅರಳಿತು. ಹಿಂದೆ ಬಂದ ದೊಡ್ಡಮ್ಮನನ್ನು ನೋಡಿ ಅರಳಿದ್ದು ಅರ್ಧಕ್ಕೇ ನಿಂತಿತು.

"ಬನ್ನಿ ಬನ್ನಿ. ಒಪ್ಪಿಗೆ ಅಲ್ವಾ? ನಾಳೆಯಿಂದಾನೇ ಶುರು ಮಾಡಿಬಿಡ್ತೀನಿ."

ದೊಡ್ಡಮ್ಮ ಒಂದು ಮರದ ತುಂಡಿನ ಮೇಲೆ ನೆಮ್ಮದಿಯಾಗಿ ಕೂತರು.

"ನಮ್ಮನೆ ಮಾಳಿಗೆ ಸೋರ್ತಿದೆ ಮೇಸ್ತ್ರಿ. ನೀನು ಹೇಳಿರೋ ಬೆಲೆಗೆ ಸಿಮೆಂಟು ಸಿಗೋ ಅಂಗಡಿ ಯಾವುದು ಅಂತ ನನಗೂ ಹೇಳಪ್ಪ, ನಾಲ್ಕು ಮೂಟೆ ತಗೋತೀನಿ."

"ಹಾಗಲ್ಲಮ್ಮ. ಬೇರೆ ಕೆಲಸದಲ್ಲಿ ಉಳಿದಿದ್ದು ಇರುತ್ತೆ..."

"ಉಳಿದ ಸಿಮೆಂಟಾ? ಮೂಟೇಲೇ ಕಲ್ಲಾಗಿರುತ್ತಲ್ಲ ಅದು."

"ಟೈಲ್ಸು, ಪೈಪು, ಅಂಥದ್ದು."

"ಸರಿ. ಪೈಪು ಉಳಿದಿದ್ದು, ಟೈಲ್ಸು ಉಳಿದಿದ್ದು, ಕಿಟಕಿ ಇಲ್ಲೇ ಅಂಗಳದಲ್ಲಿದೆ. ನೆಲ ಅಗೆಯೋ ಆಳುಗಳೂ ಉಳಿದೋರೇನಾ? ಕೂಲಿ ಬೇಡ ಅಂತಾರಾ?"

ಮೇಸ್ತ್ರಿ ನಕ್ಕ. ಜೊತೆಗೆ ಯಾರೂ ನಗಲಿಲ್ಲ.

"ನೋಡು," ದೊಡ್ಡಮ್ಮ ದನಿ ಏರಿಸಲಿಲ್ಲ. ಮನೆಗೆ ಬಂದ ನೆಂಟರ ಜೊತೆ ಮಾತಾಡುವ ಹಾಗೆಯೇ ಇತ್ತು ಅವರ ಮಾತು. "ನಿನ್ನ ಕೆಲಸ ಚೆನ್ನಾಗಿರುತ್ತೆ ಅಂತ ನಾಲ್ಕು ಮನೇಲಿ ವಿಚಾರಿಸ್ಕೊಂಡೇ ಬಂದಿದ್ದೀನಿ. ಮೋಸಗಾರ ಅಂತ ಒಬ್ಬರೂ ಹೇಳಲಿಲ್ಲ. ಪೊಲೀಸು ಗಿಲೀಸು ಏನೂ ಇಲ್ಲ. ಆದರೆ ಈ ಮಗು ಒಂದು ವಾರದಿಂದ ನಿದ್ದೆ ಮಾಡಿಲ್ಲ. ತನ್ನ ಮನೆಯೋರೇ ಏನೋ ಬಚ್ಚಿಡ್ತಿದ್ದಾರೆ ಅಂತ ಒಳಗೊಳಗೇ ಕೊರಗ್ತಿದ್ದಾಳೆ. ಉಳಿದರ್ಧ ದುಡ್ಡು ನಿನಗೆ ಕೊಟ್ಟಿರೋದು ಯಾರು?"

ಟೀಚರ್ ತಲೆ ತಗ್ಗಿಸಿದಳು. ತಾನು ಬಾಯಿ ಬಿಟ್ಟು ಹೇಳದೇ ಇದ್ದದ್ದನ್ನು ದೊಡ್ಡಮ್ಮ ಹೇಳಿಬಿಟ್ಟಿದ್ದರು. ಗಂಡನ ಅವಸರ, ಪ್ರಶ್ನೆ ಕೇಳಿದರೆ ಮೆಟ್ಟಿಲು ಹತ್ತಿಬಿಡುವ ಅವನ ರೀತಿ, ಎಲ್ಲ ಅವಳ ಮನಸ್ಸಿನಲ್ಲಿ ಗಂಟು ಕಟ್ಟಿಕೊಂಡಿದ್ದವು.

"ನಮ್ಮ ಯಜಮಾನರಾ?" ಎಂದಳು, ಮೇಸ್ತ್ರಿಯ ಮುಖ ನೋಡದೆ.

"ಅಯ್ಯೋ ಇಲ್ಲಮ್ಮ!" ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. "ಅವರಿಗೆ ಏನೂ ಗೊತ್ತಿಲ್ಲ. ಅವರ ತಲೆ ಮೇಲೆ ಹಾಕ್ಬೇಡಿ, ಪಾಪ ಬರುತ್ತೆ."

"ಮತ್ಯಾರು?"

ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದು, ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿದ.

"ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಆದರೆ ನೀವು ಮನೆಯೋರ ಮೇಲೆ ಅನುಮಾನ ಪಡ್ತೀರಿ ಅಂದ್ರೆ ಅವರೇ ಬೇಜಾರು ಮಾಡ್ಕೋತಾರೆ. ನನ್ನ ಹೆಂಡತಿ ಆರೈಕೆ ಕೇಂದ್ರದಲ್ಲಿ ಆಯಾ. ಅವಳ ಕೈಲಿ ಹೇಳಿ ಕಳಿಸಿದ್ರು. ಹೋದೆ. ಕತ್ತಿನ ಸರ ಬಿಚ್ಚಿ ಕೊಟ್ರು. ನಾನು ಮಾರಿಲ್ಲಮ್ಮ, ಭದ್ರವಾಗಿ ಇಟ್ಟಿದ್ದೀನಿ. 'ಎಲ್ಲರಿಗಿಂತ ಕಡಿಮೆ ಹೇಳು, ಕೆಲಸ ನಿನಗೇ ಸಿಗ್ಲಿ. ನಾನು ಮನೆಗೆ ಬರೋಷ್ಟರಲ್ಲಿ ನೆಲ ಪೂರ್ತಿ ಅಗೆದಿರ್ಬೇಕು' ಅಂದ್ರು."

"ಯಾರು ಅಂದಿದ್ದು?" ಟೀಚರಿಗೆ ಅರ್ಥವಾಗಿತ್ತು. ಆದರೂ ಕೇಳಿದಳು.

"ಕೋಣೆ ಯಾರಿಗೆ ಮಾಡಿಸ್ತಿದ್ದೀರೋ ಅವರೇ. ನಿಮ್ಮತ್ತೆ."

* * *

ಆರೈಕೆ ಕೇಂದ್ರದ ವ್ಯಾಯಾಮದ ಕೋಣೆಯಲ್ಲಿ ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಎರಡು ಕಂಬಿಗಳ ನಡುವೆ ಅತ್ತೆ ನಡೆಯುತ್ತಿದ್ದರು. ಒಂದೊಂದು ಹೆಜ್ಜೆಗೂ ತುಟಿ ಕಚ್ಚುತ್ತಿದ್ದರು. ಸೊಸೆಯನ್ನು ನೋಡಿ ನಕ್ಕರು. ಸೊಸೆಯ ಕಣ್ಣು ತಮ್ಮ ಬರಿಗತ್ತಿನ ಮೇಲೆ ನಿಂತದ್ದನ್ನು ಕಂಡು ಆ ನಗು ಇಳಿಯಿತು.

"ಹೇಳಿಬಿಟ್ನಾ ಆ ಮೇಸ್ತ್ರಿ?"

"ಯಾಕತ್ತೆ? ನನಗೆ ಒಂದು ಮಾತು ಹೇಳಬಾರ್ದಿತ್ತಾ?"

"ಕೂರಿಸು ಮೊದಲು. ನಿಂತ್ಕೊಂಡು ಹೇಳೋ ಮಾತಲ್ಲ."

ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಟೀಚರ್ ಅವರ ಕಾಲ ಬಳಿಯೇ ಸ್ಟೂಲು ಎಳೆದುಕೊಂಡಳು. ದೊಡ್ಡಮ್ಮ ತಮ್ಮ ಪರಿಚಯ ಹೇಳಿಕೊಂಡು ಕಿಟಕಿಯ ಪಕ್ಕ ನಿಂತರು.

"ಗ್ಯಾರೇಜಲ್ಲಿ ಒಂದು ವೃತ್ತ ಕಂಡೆವು," ಎಂದರು.

ಅತ್ತೆ ಸೆರಗನ್ನು ಬರಿಗತ್ತಿನ ಸುತ್ತ ಎಳೆದುಕೊಂಡರು.

"ಅದು ಬಾವಿ."

ಟೀಚರ್ ಅತ್ತೆಯ ಕೈ ಹಿಡಿದಿದ್ದಳು.

"ಮುಂಚೆ ಎರಡೂ ಮನೆ ಒಂದೇ ಆಗಿತ್ತು. ನಮ್ಮ ಮಾವ ತೀರ್ಕೊಂಡ ಮೇಲೆ ಅಕ್ಕ ತಮ್ಮ ಪಾಲು ಮಾಡ್ಕೊಂಡ್ರು. ನಡುವೆ ಸೇದೋ ಬಾವಿ ಇತ್ತು. ಬಾವಿಯ ನಡುಮಧ್ಯಕ್ಕೆ ಗೆರೆ. ಈಚೆ ತಮ್ಮಂದು, ಆಚೆ ಅಕ್ಕಂದು, ನೀರು ಇಬ್ಬರದೂ. ನಾನೂ ನಮ್ಮ ಅತ್ತಿಗೆಯೂ ಬೆಳಗ್ಗೆ ಒಟ್ಟಿಗೇ ನೀರು ಸೇದ್ತಿದ್ವಿ. ಅವರು ಈಚೆ ನಿಂತು, ನಾನು ಆಚೆ ನಿಂತು ಎಷ್ಟು ನಗ್ತಿದ್ವಿ ಗೊತ್ತಾ? ಗೆರೆ ಯಾರಿಗೆ ನೆನಪಿರ್ತಿತ್ತು?"

"ಆಮೇಲೆ?"

"ನಿನ್ನ ಗಂಡ ಹುಟ್ಟಿದಾಗ ನಾನು ಆಸ್ಪತ್ರೇಲಿ ಬಹಳ ದಿನ ಇರ್ಬೇಕಾಯ್ತು, ನನಗೆ ಜ್ವರ ಬಿಡ್ಲಿಲ್ಲ. ಮಗು ಎತ್ಕೊಂಡು ಮನೆಗೆ ಬಂದ್ರೆ ಬಾವಿ ಇಲ್ಲ. ಆ ಜಾಗದಲ್ಲಿ ಹೊಸ ನೆಲ, ಅದರ ಆಚೆಗೆ ಗೋಡೆ. ನಿಮ್ಮ ಮಾವನ್ನ ಕೇಳಿದೆ. 'ಬಾವಿ ವಿಷಯ ಇನ್ನು ಯಾವತ್ತೂ ಎತ್ತಬೇಡ, ಮಗನಿಗೂ ಹೇಳಬೇಡ' ಅಂದ್ರು. ಅಷ್ಟೇ. ಅವತ್ತಿಂದ ಅತ್ತಿಗೆ ನನ್ನ ಮುಖ ನೋಡೋದು ಬಿಟ್ರು. ಬಿಡದೇ ಇರ್ತಾರಾ? ಅವರ ಪಾಲು ಪೂರ್ತಿ ನುಂಗಿಬಿಟ್ವಲ್ಲ."

ದೊಡ್ಡಮ್ಮ ಕೇಳಿದರು, "ಅವರು ಯಾವತ್ತೂ ಜಗಳ ಮಾಡ್ಲಿಲ್ವಾ? ವಕೀಲರ ಹತ್ತಿರ ಹೋಗ್ಲಿಲ್ವಾ?"

"ಒಂದು ಮಾತೂ ಆಡ್ಲಿಲ್ಲ. ಅದೇ ನನ್ನನ್ನ ತಿಂದಿದ್ದು. ಬೈದಿದ್ರೆ ಅತ್ತು ಹಗುರ ಆಗ್ತಿದ್ದೆ."

"ಇವರಿಗೆ, ನಿಮ್ಮ ಮಗನಿಗೆ, ಹೇಳ್ಬಹುದಿತ್ತಲ್ಲ ಅತ್ತೆ?"

"ಅವನಿಗೆ ಅಪ್ಪ ಅಂದ್ರೆ ಪ್ರಾಣ. ಬಾಯಲ್ಲಿ ಹೇಳಿದ್ರೆ ಅಮ್ಮನಿಗೆ ಅರಳುಮರುಳು ಅಂತಾನೆ. ಕಣ್ಣಾರೆ ನೋಡ್ಲಿ ಅಂತ ಹೀಗೆ ಮಾಡ್ದೆ." ಅತ್ತೆ ಸೊಸೆಯ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದರು. "ನೀನು ಬಿಡಿಸಿ ತಂದು ತೋರಿಸಿದ್ಯಲ್ಲ, ಕೋಣೆ ಚಿತ್ರ. ಕಿಟಕಿ, ಮಂಚ, ನನಗೊಂದು ಒರಗು ಕುರ್ಚಿ, ಅದರ ಪಕ್ಕ ಹೂವಿನ ಕುಂಡ ಕೂಡ. ರಾತ್ರಿಯೆಲ್ಲ ಅದನ್ನೇ ನೋಡ್ತಿದ್ದೆ. ಆದರೆ ನೀನು ಮಂಚ ಹಾಕಿರೋದು ಬಾವಿಯ ಆಚೆ ಬದಿಗೆ ಕಣಮ್ಮ. ಅವರ ಜಾಗದಲ್ಲಿ. ಅಲ್ಲಿ ಮಲಗಿದ್ರೆ ನನಗೆ ನಿದ್ದೆ ಬರುತ್ತಾ?"

ಟೀಚರಳ ಮನಸ್ಸು ತಾನಾಗಿಯೇ ಲೆಕ್ಕ ಹಾಕತೊಡಗಿತ್ತು. ಗೋಡೆಯ ಕಡೆಯ ಆ ಪಟ್ಟಿ ಹೋದರೆ ಬಚ್ಚಲು ಹೋಯಿತು, ಹೊರಗೆ ಹೋಗುವ ಪೈಪು ಇರುವುದು ಆ ಬದಿಗೆ ಮಾತ್ರ. ಬಚ್ಚಲಿಲ್ಲದ ಕೋಣೆಯಲ್ಲಿ ಈ ಕಾಲು ಇಟ್ಟುಕೊಂಡು ಅತ್ತೆ ಇರುವುದು ಹೇಗೆ? ಬಾವಿ ತುಂಬಿಸಿ ಗಟ್ಟಿ ಮಾಡುವ ಖರ್ಚಂತೂ ಅವಳು ಪಕ್ಕಕ್ಕಿಟ್ಟಿದ್ದ ಹತ್ತರ ಪಾಲಿಗೆ ಎಲ್ಲಿ ಎಟುಕೀತು? ತಿಂಗಳುಗಟ್ಟಲೆ ಕೂಡಿ ಕಳೆದು ಕಟ್ಟಿದ್ದ ಕೋಣೆ ಕಣ್ಣೆದುರೇ ಕಳಚಿ ಬೀಳುತ್ತಿತ್ತು.

ಅವಳು ಅತ್ತೆಯ ಕಾಲ ಮೇಲೆ ಹೊದಿಕೆ ಸರಿಮಾಡಿದಳು.

"ಅಗೆಸೋಣ ಅತ್ತೆ. ನಾನೇ ಇವರಿಗೆ ಹೇಳ್ತೀನಿ."

"ಮತ್ತೆ ಕೋಣೆ?"

"ಕೋಣೆ ಹೇಗೋ ಆಗುತ್ತೆ. ಇಲ್ಲದಿದ್ರೆ ನಮ್ಮ ಲಿಫ್ಟ್ ಮೆಕ್ಯಾನಿಕ್ ನಿಮ್ಮನ್ನ ದಿನಾ ಹೆಗಲ ಮೇಲೆ ಹೊತ್ತು ಹತ್ತಿಸ್ತಾರೆ, ಬಿಡಿ."

ಅತ್ತೆ ನಗಲು ಹೋಗಿ ಅತ್ತುಬಿಟ್ಟರು. ದೊಡ್ಡಮ್ಮ ಕಿಟಕಿಯ ಆಚೆ ನೋಡುತ್ತ ನಿಂತೇ ಇದ್ದರು. ಹೊರಗೆ ಬಂದು ಕಾರು ಹತ್ತಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು.

"ಏನು ಯೋಚನೆ ದೊಡ್ಡಮ್ಮ? ಸಿಕ್ಕಿತಲ್ಲ ಉತ್ತರ."

"ಅರ್ಧ ಬೆಲೆ ಯಾಕೆ ಅನ್ನೋದಕ್ಕೆ ಉತ್ತರ ಸಿಕ್ಕಿತು. ಜಾಗ ಕಳಕೊಂಡೋರು ಕೂಗಾಡ್ತಾರೆ ಟೀಚರ್. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಕೂಗಾಡದೇ ಇದ್ದೋರನ್ನ ನಾನು ನೋಡಿಲ್ಲ."

* * *

ಮರುದಿನ ಬೆಳಗ್ಗೆ ದೊಡ್ಡಮ್ಮ ಬರುವ ಹೊತ್ತಿಗೆ ಗೇಟಿನ ಬಳಿ ಪೆನ್ಸಿಲ್ ಮೇಸ್ತ್ರಿ ನಿಂತಿದ್ದ. ಅಗೆಯುವ ಸಾಮಾನು ಏನೂ ತಂದಿರಲಿಲ್ಲ. ಕೈಯಲ್ಲಿ ಒಂದು ಕಾಗದದ ಪೊಟ್ಟಣ ಮಾತ್ರ. ಎದುರಿಗೆ ಟೀಚರ್, ಅವಳ ಪಕ್ಕದಲ್ಲಿ ಲಿಫ್ಟ್ ಮೆಕ್ಯಾನಿಕ್. ಅವನ ಕಣ್ಣು ಕೆಂಪಗಿತ್ತು. ಹೆಂಡತಿ ಹೇಳಿದ್ದು ಅವನಿಗಿನ್ನೂ ಅರಗಿರಲಿಲ್ಲ.

"ಅಮ್ಮನ ಸರ ತಗೊಳ್ಳಿ," ಮೇಸ್ತ್ರಿ ಪೊಟ್ಟಣ ಚಾಚಿದ. "ನನಗೆ ಈ ಕೆಲಸ ಬೇಡ."

"ನಿನ್ನೆ ಸಂಜೆ ಫೋನಿನಲ್ಲಿ ಸರಿ ಅಂದಿದ್ರಲ್ಲ?" ಎಂದಳು ಟೀಚರ್.

"ಅಂದಿದ್ದೆ. ಆಮೇಲೆ ಅಳತೆ ತಗೊಳ್ಳೋಕೆ ಈ ಕಡೆ ಬಂದೆ. ಆಗ ಒಬ್ಬರು ಕರೆದ್ರು." ಅವನು ನೆಲ ನೋಡಿದ. "ಅಗೆದರೆ ಸಿಗೋದಕ್ಕಿಂತ ಜಾಸ್ತಿ ಅಗೆಯದೇ ಇರೋಕೆ ಕೊಡ್ತೀನಿ ಅಂದ್ರು. ದುಡ್ಡಿಗೆ ಅಲ್ಲಮ್ಮ, ನಾನು ಅದನ್ನ ಮುಟ್ಟಲೂ ಇಲ್ಲ. ಆ ವಯಸ್ಸಿನೋರು ಕೈ ಮುಗಿದ್ರು. ಹಾಗೆ ಕೈ ಮುಗಿದ ಮೇಲೆ ನನ್ನ ಕೈಲಾಗಲ್ಲ."

"ಯಾರು?" ಲಿಫ್ಟ್ ಮೆಕ್ಯಾನಿಕ್ ಒಂದು ಹೆಜ್ಜೆ ಮುಂದೆ ಬಂದ.

"ಅವನನ್ನ ಕಾಡಬೇಡ. ನಾನೇ."

ದನಿ ಕಾಂಪೌಂಡು ಗೋಡೆಯ ಆಚೆಯಿಂದ ಬಂತು. ಟೈಪಿಂಗ್ ಅತ್ತೆ ಅಲ್ಲಿ ನಿಂತಿದ್ದರು. ನೆಟ್ಟಗಿನ ನಿಲುವು, ಗಿಡ್ಡಗೆ ಕತ್ತರಿಸಿದ ಬಿಳಿಗೂದಲು. ಗೋಡೆಯ ಮೇಲಿಟ್ಟ ಬೆರಳುಗಳು ತಮ್ಮ ಪಾಡಿಗೆ ತಾವು ಏನನ್ನೋ ಟೈಪು ಮಾಡುತ್ತಿದ್ದವು.

ದೊಡ್ಡಮ್ಮ ಗೋಡೆಯ ಹತ್ತಿರ ಹೋದರು. ವಯಸ್ಸಾದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಅಳೆಯುವ ಹಾಗೆ ನೋಡಿಕೊಂಡರು.

"ನೆಲ ಅಗೆದರೆ ಬಾವಿ ಸಿಗುತ್ತೆ. ಬಾವಿ ಸಿಕ್ಕಿದ್ರೆ ಗೆರೆ ಸಿಗುತ್ತೆ. ಗೆರೆಯ ಆಚೆಯದು ನಿಮ್ಮದು. ಅದು ನಿಮಗೆ ಗೊತ್ತಾ?"

"ನಾನು ಹುಟ್ಟಿ ಬೆಳೆದ ಮನೆ ಕಣ್ರೀ ಇದು. ನನಗೆ ಗೊತ್ತಿಲ್ದೆ ಇರುತ್ತಾ?" ಅವರು ಟೀಚರಳ ಕಡೆ ತಿರುಗಿದರು. "ಆ ಜಾಗ ನನಗೆ ಬೇಡಮ್ಮ. ಇವತ್ತೇ ವಕೀಲರ ಹತ್ತಿರ ಬಾ, ಬರೆದು ಕೊಟ್ಟುಬಿಡ್ತೀನಿ. ಕೋಣೆ ಮಾಡ್ಕೋ, ಬಚ್ಚಲು ಮಾಡ್ಕೋ. ಖರ್ಚು ಮೈಮೇಲೆ ಬಂದ್ರೆ ಅದನ್ನೂ ನಾನೇ ಕೊಡ್ತೀನಿ. ಹಳೇ ನೆಲದ ಮೇಲೇ ಹೊಸ ನೆಲ ಹಾಕ್ಕೊಳ್ಳಿ. ಅಗೀಬೇಡಿ, ಅಷ್ಟೇ."

ಟೀಚರ್ ಗೇಟನ್ನು ಹಿಡಿದುಕೊಂಡಳು. ಕೋಣೆ, ಬಚ್ಚಲು, ಕಿಟಕಿ, ಒರಗು ಕುರ್ಚಿ, ಕುಂಡ. ನಿನ್ನೆ ಸಂಜೆ ಕಳಚಿಬಿದ್ದದ್ದೆಲ್ಲ ಒಂದೇ ಮಾತಿನಿಂದ ಎದ್ದು ನಿಂತಿತ್ತು. ಹೂಂ ಅಂದರೆ ಸಾಕಿತ್ತು. ಅತ್ತೆ ಮನೆಗೆ ಬಂದು ಕಿಟಕಿಯ ಪಕ್ಕ ಕೂರುವುದು ಕಣ್ಣಿಗೆ ಕಟ್ಟಿದಂತಾಯಿತು.

"ನಾನು ನಮ್ಮತ್ತೆಗೆ ಮಾತು ಕೊಟ್ಟಿದ್ದೀನಿ," ಎಂದಳು ಕೊನೆಗೆ, ತಗ್ಗಿದ ದನಿಯಲ್ಲಿ. "ನಿಮ್ಮ ಪಾಲು ನುಂಗಿದ್ವಿ ಅಂತ ಅವರು ಇಷ್ಟು ವರ್ಷವೂ ಒಳಗೇ ಬೇಯ್ತಿದ್ದಾರೆ. ನೀವು ಬೇಡ ಅಂದ್ರೂ ಅವರಿಗೆ ಸಮಾಧಾನ ಆಗಲ್ಲ. ಕಾರಣ ಹೇಳಿ."

ಟೈಪಿಂಗ್ ಅತ್ತೆಯ ಬೆರಳುಗಳು ನಿಂತವು.

"ಅವಳು ಹಾಗಂದ್ಕೊಂಡಿದ್ದಾಳಾ? ಪಾಲು ನುಂಗಿದ್ವಿ ಅಂತ?"

"ಅತ್ತೆ," ಎಂದ ಲಿಫ್ಟ್ ಮೆಕ್ಯಾನಿಕ್. ಅವನು ಗೋಡೆಯ ಹತ್ತಿರ ಬಂದು, ಚಿಕ್ಕವನಿದ್ದಾಗ ಬಿಸ್ಕತ್ತು ಕೇಳಲು ನಿಲ್ಲುತ್ತಿದ್ದ ಹಾಗೆ ಎರಡೂ ಕೈ ಗೋಡೆಯ ಮೇಲಿಟ್ಟ. "ನಮ್ಮಪ್ಪ ಕಳ್ಳ ಆಗಿದ್ರಾ? ಅಷ್ಟು ಹೇಳಿ ಸಾಕು."

ಅವರು ಕೈಚಾಚಿ ಅವನ ತಲೆ ಮುಟ್ಟಿದರು. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ.

"ನಿಮ್ಮಪ್ಪ ಬಾವಿ ಮುಚ್ಚಿದ್ದು ಜಾಗಕ್ಕೆ ಅಲ್ಲ ಕಣೋ," ಎಂದರು. "ರಾತ್ರೋರಾತ್ರಿ ಮುಚ್ಚಿಬಿಡು ಅಂತ ಅವನ ಕಾಲು ಹಿಡ್ಕೊಂಡೋಳು ನಾನು."